ನೆಲಕ್ಕಿಂತ ಮೊದಲು ಮುಖ ನೋಡುವ ಉಮ್ಮ್ ಜುಮಾನ

ಸೂರ್ಯ ಇನ್ನೂ ಗಡಿಯ ಆಚೆಗೇ ಇದ್ದಾನೆ. ಬಸ್ರಾದಿಂದ ನದಿ ದಾಟಿ ಬಂದರೆ ಸಿಗುವ ಈ ತೋಪಿನಲ್ಲಿ ತಲೆ ಹಾರಿಹೋದ ಖರ್ಜೂರದ ಮರಗಳ ಬರೀ ಕಾಂಡಗಳು ನಿಂತಿವೆ. ಡೇರೆಯ ಮುಂದೆ ಹೆಂಗಸರು ಸಾಲಾಗಿ ಕೂತು ಬಿಸಿ ರೊಟ್ಟಿಗೆ ಎಮ್ಮೆ ಕೆನೆ, ಖರ್ಜೂರದ ಪಾಕ ಹಚ್ಚಿಕೊಂಡು ತಿನ್ನುತ್ತಿದ್ದಾರೆ. ಇನ್ನು ಸ್ವಲ್ಪ ಹೊತ್ತಿಗೆ ಇವರೆಲ್ಲ ದಪ್ಪ ಅಂಗಿ, ಮುಖಕವಚ ತೊಟ್ಟು ಮಂಡಿಯೂರಬೇಕು. ಹಳೆಯ ಯುದ್ಧದಲ್ಲಿ ಹೂತುಹೋದ ನೆಲಬಾಂಬುಗಳನ್ನು ತಂತಮ್ಮ ಪಾಲಿನ ಸಾಲಿನಲ್ಲಿ ಮಣ್ಣು ಕೆರೆದು ಕೆರೆದು ಹುಡುಕಬೇಕು.

ಚಹಾ ಬಗ್ಗಿಸುತ್ತಿರುವ ಇಂತಿಸಾರ್ ಹೆಚ್ಚು ಮಾತಾಡುವುದಿಲ್ಲ. ಮಗಳ ಹೆಸರು ಹಿಡಿದು ಎಲ್ಲರೂ ಇವರನ್ನು ಉಮ್ಮ್ ಜುಮಾನ, ಅಂದರೆ ಜುಮಾನಳ ಅಮ್ಮ, ಎಂದೇ ಕರೆಯುತ್ತಾರೆ. ಒಬ್ಬೊಬ್ಬರ ಕಣ್ಣು, ಕೈ, ತಟ್ಟೆಯಲ್ಲಿ ಮಿಕ್ಕ ರೊಟ್ಟಿ ಎಲ್ಲವನ್ನೂ ನೋಡುತ್ತಾರೆ.

"ರಬಾಬ್, ನೀನಿವತ್ತು ಸಾಲಿಗೆ ಇಳೀಬೇಡ."

"ಯಾಕೆ ಉಮ್ಮ್ ಜುಮಾನ? ನಂಗೇನಾಗಿದೆ?"

"ಎರಡು ಸಲ ಸಕ್ಕರೆ ಹಾಕ್ಕೊಂಡೆ. ಈಗ ಮತ್ತೆ ಡಬ್ಬಿ ಕೇಳ್ತಿದೀಯ."

"ಸಿಹಿ ಜಾಸ್ತಿ ಬೇಕಿತ್ತಪ್ಪ!"

"ಹಂಗಾದ್ರೆ ಕುಡಿ, ನೋಡೋಣ."

"ಹುಡುಗಿಗೆ ಗಂಡು ಗೊತ್ತಾಗಿರ್ಬೇಕು ಬಿಡಿ," ಎಂದು ಪಕ್ಕದವಳು ಛೇಡಿಸುತ್ತಾಳೆ. ಎಲ್ಲರೂ ನಗುತ್ತಾರೆ. ಇಂತಿಸಾರ್ ನಗುವುದಿಲ್ಲ. ಅಪಾಯದ ಜಾಗದಲ್ಲಿ ನೆಡುವ ಗುರುತಿನ ಗೂಟಗಳನ್ನೂ ಅವಕ್ಕೆ ಬಳಿಯುವ ಕೆಂಪು ಬಣ್ಣದ ಡಬ್ಬಿಯನ್ನೂ ರಬಾಬ್‌ಳ ಮುಂದಿಡುತ್ತಾರೆ. ಅವಳು ಮುಖ ಊದಿಸಿಕೊಂಡು ಕುಂಚ ಎತ್ತಿಕೊಳ್ಳುತ್ತಾಳೆ.

ಇಂತಿಸಾರ್‌ಗೆ ಈಗ ನಲವತ್ತು ದಾಟಿದೆ. ಯುದ್ಧದ ನಡುವೆ ಹುಟ್ಟಿದ ಇವರಿಗೆ ಅಪ್ಪ ವಿಜಯ ಎಂಬರ್ಥದ ಈ ಹೆಸರಿಟ್ಟರು. ಮೇಕೆ ಹಿಂದೆ ಹೋದ ತಮ್ಮ ಇದೇ ತೋಪಿನಲ್ಲಿ ಕಾಲು ಕಳೆದುಕೊಂಡ. ಹೆಂಗಸರ ತಂಡ ಕಟ್ಟುತ್ತಾರೆಂದು ಸುದ್ದಿ ಬಂದಾಗ ಮೊದಲು ಹೆಸರು ಕೊಟ್ಟವರಲ್ಲಿ ಇವರೂ ಒಬ್ಬರು, ಇವರ ಗೆಳತಿ ಖುಲೂದ್ ಇನ್ನೊಬ್ಬರು.

ಕೆಲವು ವರ್ಷಗಳ ಹಿಂದೆ ಪಕ್ಕದ ಸಾಲಿನಲ್ಲಿ ಖುಲೂದ್ ಕೈಯಡಿಯಲ್ಲೇ ಬಾಂಬು ಸಿಡಿಯಿತು. ಇಂತಿಸಾರ್ ತಮ್ಮ ತಲೆವಸ್ತ್ರ ಬಿಚ್ಚಿ ಗಾಯಕ್ಕೆ ಬಿಗಿದು ಕಟ್ಟಿ, ಅವರನ್ನು ಎಳೆದುಕೊಂಡು ಬಂದರು. ಆಸ್ಪತ್ರೆಯ ದಾರಿಯಲ್ಲೇ ಖುಲೂದ್ ತೀರಿಕೊಂಡರು.

"ನಾನು ಅಳ್ಲೂ ಇಲ್ಲ. ದುಃಖದ ಮೂರು ದಿನ ಕಳೆದದ್ದೇ ಕೆಲಸಕ್ಕೆ ಹೋದೆ. ಎಲ್ರೂ ಗಟ್ಟಿಗಿತ್ತಿ ಅಂದ್ರು, ನಾನೂ ನಂಬಿದೆ," ಎನ್ನುತ್ತಾರೆ ಇಂತಿಸಾರ್.

ಮೊದಲು ಕೈಕೊಟ್ಟದ್ದು ದೇಹ. ಉಂಡದ್ದು ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಬಾಚಣಿಗೆ ತುಂಬ ಕೂದಲು ಬರತೊಡಗಿತು. ನಿದ್ದೆಯಲ್ಲಿ ಹಲ್ಲು ಕಚ್ಚಿ ಕಚ್ಚಿ ದವಡೆ ಹಲ್ಲೊಂದು ಸೀಳಿತು. ಸುಮ್ಮನೆ ಕೂತಾಗಲೂ ಎದೆ ಓಡಿ ಬಂದವರ ಎದೆಯಂತೆ ಹೊಡೆದುಕೊಳ್ಳುತ್ತಿತ್ತು. ಆಮೇಲೆ ನೆನಪು ಹೋಯಿತು: ಒಲೆಯ ಮೇಲೆ ಅನ್ನ ಸೀದು ಕರಕಲಾದರೂ ಗೊತ್ತಾಗುತ್ತಿರಲಿಲ್ಲ, ಪಕ್ಕದ ಮನೆಯವರ ಹೆಸರು ನಾಲಿಗೆಗೆ ಬರುತ್ತಿರಲಿಲ್ಲ. ಚಮಚ ಬಿದ್ದರೂ ಚೀರಾಡುತ್ತಿದ್ದರು. ದೋಣಿ ರಿಪೇರಿ ಮಾಡುವ ಗಂಡ ನಾಜಿಮ್ ಒಂದು ದಿನ ತಾಳ್ಮೆಗೆಟ್ಟು ಕೂಗಿದರು: "ಮನೇಲೂ ಬಾಂಬ್ ಹುಡುಕ್ತಾ ಕೂತಿದೀಯೇನೇ?"

ಒಂದು ಸಂಜೆ ಇಂತಿಸಾರ್ ಪಾತ್ರೆ ತೊಳೆಯುತ್ತಿದ್ದರು. ಶಾಲೆಯ ಓಟದಲ್ಲಿ ಗೆದ್ದ ಜುಮಾನ ಹಿಂದಿನಿಂದ ಓಡಿಬಂದು ಅಮ್ಮನನ್ನು ತಬ್ಬಿಕೊಂಡಳು. ಇಂತಿಸಾರ್ ತಿರುಗಿ ಅವಳನ್ನು ಗೋಡೆಗೆ ಎಸೆದುಬಿಟ್ಟರು. ಮಗುವಿನ ತೋಳಿನ ಮೂಳೆ ಮುರಿಯಿತು.

"ಎಸೆದದ್ದು ನಂಗೆ ಗೊತ್ತೇ ಇಲ್ಲ. ಅವಳು ಅತ್ತಾಗ್ಲೇ ಗೊತ್ತಾದದ್ದು, ಅದು ನನ್ನ ಮಗಳು ಅಂತ."

ಮರುದಿನ ಸಾಲಿನಲ್ಲಿ ಮಂಡಿಯೂರಿದಾಗ ಬಲಗೈ ನಡುಗಿತು. ಇಂತಿಸಾರ್ ಕರಣೆಯನ್ನು ಮೆಲ್ಲಗೆ ಕೆಳಗಿಟ್ಟು ಎದ್ದು ನಡೆದರು. ತಂಡದ ಮುಖ್ಯಸ್ಥ ಅಬೂ ಸಜ್ಜಾದ್ ಎದುರು ನಿಂತು, "ನನ್ನನ್ನ ಇಳಿಸ್ಬೇಡಿ. ಇವತ್ತು ನಾನು ಯಾರನ್ನಾದ್ರೂ ಸಾಯಿಸ್ತೀನಿ," ಎಂದರು. ಗಂಡಸರ ತಂಡದವನೊಬ್ಬ, "ಹೆಂಗಸರನ್ನ ಕರ್ಕೊಂಡ್ರೆ ಇದೇ ಕತೆ," ಎಂದು ಎಲ್ಲರಿಗೂ ಕೇಳುವಂತೆಯೇ ಅಂದ. ಅಬೂ ಸಜ್ಜಾದ್ ಅವನತ್ತ ತಿರುಗಿಯೂ ನೋಡದೆ ಇಂತಿಸಾರ್ ಅವರನ್ನು ಆಸ್ಪತ್ರೆಗೆ ಕರೆದೊಯ್ಯಲು ಗಾಡಿ ಹೊರಡಿಸಿದರು.

"ಅಪಾಯ ಬಂದಾಗ ಮಿದುಳು ಕೂಗ್ಕೋಬೇಕು ತಾಯಿ, ಅಪಾಯ ಹೋದ್ಮೇಲೆ ಸುಮ್ನಾಗ್ಬೇಕು," ಎಂದರು ಪಟ್ಟಣದ ಡಾಕ್ಟರಮ್ಮ. "ನಿಮ್ಮದು ಕೂಗ್ತಾನೇ ಇದೆ. ಹೊಟ್ಟೆ, ಎದೆ, ಕೈ ಎಲ್ಲವೂ ಅದರ ಮಾತೇ ಕೇಳ್ತಿವೆ."

ಮಾತ್ರೆ, ಮಾತು, ನದೀದಂಡೆಯ ನಡಿಗೆ ಎಂದು ತಿಂಗಳುಗಳು ಹೋದವು. ಈಗ ಇಂತಿಸಾರ್ ಮತ್ತೆ ನೆಲ ಕೆರೆಯುತ್ತಾರೆ. ಬೆಳಿಗ್ಗೆ ಯಾರು ಇಳಿಯಬೇಕು, ಯಾರು ಇಳಿಯಬಾರದು ಎಂದು ನೋಡುವ ಹೊಣೆಯನ್ನೂ ಅಬೂ ಸಜ್ಜಾದ್ ಇವರಿಗೇ ಬಿಟ್ಟಿದ್ದಾರೆ. ಪೂರ್ತಿ ವಾಸಿಯಾಗಿಲ್ಲ. ಮಾತ್ರೆ ನಿಂತಿಲ್ಲ. ಜುಮಾನಳ ಮೂಳೆ ಕೂಡಿದೆ, ಆದರೆ ಅವಳು ಬಾಗಿಲಲ್ಲೇ ನಿಂತು "ಯುಮ್ಮಾ, ನಾನು, ಬರ್ತಿದೀನಿ" ಎಂದು ಕೂಗಿದ ಮೇಲೆಯೇ ಒಳಗೆ ಕಾಲಿಡುತ್ತಾಳೆ.

"ಹೆತ್ತವಳ ಹತ್ರ ಬರೋಕೂ ಅಪ್ಪಣೆ ಕೇಳ್ತಾಳೆ ಮಗು," ಎನ್ನುತ್ತಾರೆ ಇಂತಿಸಾರ್.

ಬಿಸಿಲೇರಿ ಕೆಲಸ ನಿಂತಿದೆ. ಎಲ್ಲರೂ ಮುಖಕವಚ ತೆಗೆದು ಬೆವರು ಒರೆಸಿಕೊಳ್ಳುತ್ತಿರುವಾಗ ರಬಾಬ್ ಬಂದು ಪಕ್ಕದಲ್ಲಿ ಕೂರುತ್ತಾಳೆ. ಬೆರಳಿಗೆಲ್ಲ ಕೆಂಪು ಬಣ್ಣ. "ಬೆಳಿಗ್ಗೆ ನನ್ನ ತಮ್ಮನ ಹೆಸರೇ ನೆನಪಾಗ್ಲಿಲ್ಲ ಉಮ್ಮ್ ಜುಮಾನ," ಎನ್ನುತ್ತಾಳೆ. "ಬಾಗಿಲಲ್ಲಿ ನಿಂತು ಕರೆಯೋಕೆ ಹೋದೆ, ಹೆಸರು ಬರ್ಲೇ ಇಲ್ಲ. ನಂಗೆ ಹುಚ್ಚು ಹಿಡೀತಿದೆಯಾ?"

ಇಂತಿಸಾರ್ ಅವಳ ಬಣ್ಣದ ಕೈಯನ್ನು ತಮ್ಮ ಮಡಿಲಿಗೆ ಎಳೆದುಕೊಳ್ಳುತ್ತಾರೆ.

"ಇಲ್ಲ ಕಣೇ. ಬಾಯಿ ಬಿಟ್ಟು ಹೇಳೋಕೆ ನಂಗೆ ಮಗು ಮೂಳೆ ಮುರೀಬೇಕಾಯ್ತು. ನೀನು ಮಧ್ಯಾಹ್ನದೊಳಗೇ ಹೇಳಿದೆ. ನನಗಿಂತ ನೀನೇ ವಾಸಿ."