ಗೋಡೆಯೊಳಗೆ ಮಾಯವಾಗುವ ಸ್ವಿಚ್ಚುಗಳು

ಈಗಲೂ ಬಚ್ಚಲುಮನೆಯ ಹೊರಗಿನ ಗೋಡೆಯನ್ನು ದಾಟುವಾಗ ನನ್ನ ಬಲಗೈ ತಾನಾಗಿಯೇ ಮೇಲೇಳುತ್ತದೆ. ಒತ್ತಬೇಕಾದದ್ದು ಏನೂ ಇರುವುದಿಲ್ಲ. ಗಂಡ ಆಚೆ ಕೂತು ಚಹಾದಲ್ಲಿ ಬಿಸ್ಕತ್ತು ಅದ್ದುತ್ತಿರುತ್ತಾರೆ, ಅರ್ಧ ಬಿಸ್ಕತ್ತು ಎಂದಿನಂತೆ ಕಪ್ಪಿನೊಳಗೆ ಬಿದ್ದಿರುತ್ತದೆ. ಅದನ್ನು ಚಮಚದಿಂದ ಹುಡುಕುತ್ತಿರುವ ಅವರನ್ನು ಒಮ್ಮೆ ನೋಡಿದ ಮೇಲೆ ಕೈ ಇಳಿಯುತ್ತದೆ.

ಮಲ್ಕಾಜ್‌ಗಿರಿಯ ಈ ಮನೆ ನನ್ನ ಮಾವನವರು ರೈಲ್ವೆ ಕೆಲಸದಲ್ಲಿದ್ದಾಗ ಕೊಂಡದ್ದು. ರಾಯಚೂರು ಕಡೆಯಿಂದ ಬಂದು ಇಲ್ಲೇ ನೆಲೆನಿಂತವರು ಅವರು. ಮಾವ ಹೋದ ಮೇಲೆ ಮನೆಯಲ್ಲಿ ನಾವು ಮೂವರು: ಅತ್ತೆ, ಗಂಡ, ನಾನು. ಗೋಡೆಗಳ ಮೇಲೆ ಮೊದಲು ಮರದ ಹಲಗೆಗಳಿದ್ದವು, ಅವುಗಳ ಮೇಲೆ ಕಪ್ಪು ಗುಂಡಿಯ ಸ್ವಿಚ್ಚುಗಳು. ಒತ್ತಿದರೆ ಪಕ್ಕದ ಮನೆಗೆ ಕೇಳುವಂತೆ ಟಕ್ ಎನ್ನುತ್ತಿದ್ದವು. ಹಳೆಯ ತಂತಿ ಬದಲಿಸಲೇಬೇಕು ಎಂದಾಗ ನನ್ನ ಗಂಡನಿಗೆ ಇಡೀ ಮನೆಯನ್ನೇ ಹಗುರ ಮಾಡುವ ಹುಮ್ಮಸ್ಸು ಬಂತು. ಫೋನಿನಲ್ಲಿ ಖಾಲಿ ಖಾಲಿ ಮನೆಗಳ ವಿಡಿಯೊ ನೋಡಿ ನೋಡಿ ಅವರಿಗೆ ಗೋಡೆಯ ಮೇಲಿನ ಮೊಳೆಯೂ ಕಣ್ಣಿಗೆ ಚುಚ್ಚತೊಡಗಿತ್ತು. ಕ್ಯಾಲೆಂಡರುಗಳು ಇಳಿದವು. ಶೋಕೇಸು ಹೋಯಿತು. ಬಚ್ಚಲಿನ ಹಳೆಯ ಗೀಸರು ಹೊಟ್ಟೆ ಮುಂದೆ ಮಾಡಿ ನಿಂತ ಪೈಲ್ವಾನನಂತೆ ಕಾಣುತ್ತದೆ ಎಂದು ಅದನ್ನೂ ಬಿಚ್ಚಿಸಿದರು. ತೆಳ್ಳನೆಯದೊಂದು ಬರುವುದಿತ್ತು, ಅದು ಬರುವವರೆಗೆ ಬಕೆಟ್ಟಿಗೆ ಇಳಿಬಿಡುವ ಹೀಟರ್ ರಾಡೇ ಗತಿ.

ಸ್ವಿಚ್ಚು ಕೊಳ್ಳಲು ಟ್ರೂಪ್ ಬಜಾರಿಗೆ ಹೋದಾಗ ಅತ್ತೆಯೂ ಹೊರಟರು. ದಿನಾ ಮುಟ್ಟುವ ಸಾಮಾನನ್ನು ತಾವು ಮುಟ್ಟಿ ನೋಡದೆ ತರುವುದು ಅವರಿಗೆ ಸರಿಬರಲಿಲ್ಲ. ಅಂಗಡಿಯವನು ಬಿಳಿ ಹಲಗೆಯೊಂದನ್ನು ನಮ್ಮ ಮುಂದೆ ನಿಲ್ಲಿಸಿ, ಅದರ ಮೇಲೆ ಹಪ್ಪಳದಷ್ಟು ತೆಳುವಾದ ಬಿಳಿ ಪ್ಲೇಟೊಂದನ್ನು ಕೂರಿಸಿದ.

"ದೀವಾರ್ ಮೇ ಗಾಯಬ್ ಹೋ ಜಾತಾ, ಸಾಬ್," ಎಂದ.

ನಿಜಕ್ಕೂ ಗೋಡೆಯಲ್ಲಿ ಮಾಯವಾಗುವಂಥದ್ದೇ. ತಿರುಪು ಇಲ್ಲ, ಅಂಚು ಇಲ್ಲ, ನಾಲ್ಕು ಸ್ವಿಚ್ಚುಗಳ ನಡುವೆ ಕೂದಲಿನಂಥ ಗೆರೆ ಮಾತ್ರ. ಒತ್ತಿದರೆ ಮೆತ್ತಗೆ ಒಳಹೋಗಿ ಮತ್ತೆ ಮೊದಲಿನ ಜಾಗಕ್ಕೇ ಬಂದು ನಿಲ್ಲುತ್ತದೆ. ಹಾಕಿದ್ದರೂ ಹಾಗೇ, ಆರಿಸಿದ್ದರೂ ಹಾಗೇ. ನನಗೂ ಇಷ್ಟವಾಯಿತು. ಬೆರಳಿಗೆ ತಣ್ಣಗೆ, ನಯವಾಗಿತ್ತು.

ಅತ್ತೆ ಕನ್ನಡಕ ಏರಿಸಿ ನೋಡಿದರು. "ಇದಕ್ಕ ಕಣ್ಣಿಲ್ಲ ಮೂಗಿಲ್ಲ. ಮಕ ಯಾವುದು, ಬೆನ್ನು ಯಾವುದಪಾ?"

"ಅದಽ ಅದರ ಚೆಂದ, ಅವ್ವ."

"ಚೆಂದ ಐತಿ. ಮಾತಾಡಂಗಿಲ್ಲ, ಅಷ್ಟಽ. ನಿಮ್ಮಪ್ಪನಂಗ."

ಅಂಗಡಿಯವನು ಇನ್ನೊಂದು ಬಗೆಯನ್ನೂ ತೋರಿಸಿದ. ಅಷ್ಟೇ ತೆಳು, ಆದರೆ ಮೂಲೆಯಲ್ಲಿ ಸಾಸಿವೆಕಾಳಿನಷ್ಟು ಕೆಂಪು ದೀಪ, ಒತ್ತಿದರೆ ಒಂದು ಕಡೆಗೆ ವಾಲಿ ನಿಲ್ಲುವ ಸ್ವಿಚ್ಚು. ಗಂಡ ತಲೆಯಾಡಿಸಿದರು. "ಆ ಚುಕ್ಕಿ ಬ್ಯಾಡ. ಕತ್ತಲ್ಯಾಗ ಬೆಕ್ಕಿನ ಕಣ್ಣಿನಂಗ ನೋಡ್ತಿರ್ತೈತಿ."

ಖಂಡೇಪೂಜೆಯ ಹೊತ್ತಿಗೆ ಹೊಸ ಸ್ವಿಚ್ಚುಗಳೆಲ್ಲ ಗೋಡೆಯಲ್ಲಿ ಕೂತಿದ್ದವು. ನಮ್ಮ ಕಡೆ ಆ ದಿನ ಮನೆಯಲ್ಲಿ ದುಡಿಯುವ ಸಾಮಾನೆಲ್ಲ ಪೂಜೆಗೆ ಬರುತ್ತದೆ. ಅತ್ತೆ ವಿಭೂತಿ, ಕುಂಕುಮದ ಬಟ್ಟಲು ಹಿಡಿದು ಈಳಿಗೆಯಿಂದ ಶುರುಮಾಡಿ ಮಿಕ್ಸರು, ಹೊಲಿಗೆ ಯಂತ್ರ, ಮಗನ ಸ್ಕೂಟರು ಎಲ್ಲಕ್ಕೂ ಹಚ್ಚುತ್ತ ಬಂದರು. ಹಳೆಯ ಸ್ವಿಚ್ಚಿನ ಹಲಗೆಗಳ ಮೇಲೆ ವರ್ಷ ವರ್ಷದ ಕುಂಕುಮ ಕೂತಿರುತ್ತಿತ್ತು. ಈ ಸಲ ಗಂಡ ಮೊದಲೇ ಹೇಳಿಟ್ಟಿದ್ದರು: ಹೊಸ ಪ್ಲೇಟು, ಮುಟ್ಟಬ್ಯಾಡ. ಅತ್ತೆ ಹೂಂ ಅಂದಿದ್ದರು. ಪೂಜೆ ಮುಗಿದು ನೋಡಿದರೆ ಬಚ್ಚಲಿನ ಹೊರಗಿನ ಸಾಲಿನಲ್ಲಿ, ಒಂದೇ ಒಂದು ಸ್ವಿಚ್ಚಿನ ಮೇಲೆ, ನೀರಲ್ಲಿ ಕಲಸಿದ ಕುಂಕುಮದ ದುಂಡನೆಯ ಬೊಟ್ಟು.

"ಅವ್ವ, ಹೇಳಿದ್ದೆನಲ್ಲ."

"ಅದು ರಾಡಿಂದು. ದಿನಾ ನನ್ನ ಜಳಕದ ನೀರು ಅದಽ ಕಾಸತೈತಿ, ಅದಕ್ಕ ಹಚ್ಚೀನಿ. ಉಳಿದವು ನಿನ್ನವು. ನೀ ಪೂಜಿ ಮಾಡ್ಕೋ, ಬಿಡು."

ಗಂಡ ಒದ್ದೆ ಬಟ್ಟೆಯಿಂದ ಒರೆಸಿದರು. ಸೋಪು ಹಚ್ಚಿ ಒರೆಸಿದರು. ಹೊಳಪಿಲ್ಲದ ಆ ಬಿಳಿ ಪ್ಲೇಟು ಬಣ್ಣವನ್ನು ಕುಡಿದುಬಿಟ್ಟಿತ್ತು. ತೆಳು ಗುಲಾಬಿ ಕಲೆಯೊಂದು ಉಳಿಯಿತು. ಬಂದವರೆಲ್ಲ ಗೋಡೆಯ ಚೆಂದ ನೋಡುವ ಬದಲು ಅದನ್ನೇ ನೋಡುತ್ತಾರೆ ಎಂದು ಅವರು ಎರಡು ದಿನ ಗೊಣಗಿದರು. ಬೇರೆ ಪ್ಲೇಟು ತರುತ್ತೇನೆ ಎಂದರು, ತರಲಿಲ್ಲ. ಆ ಸೋಮಾರಿತನಕ್ಕೆ ನಾನು ಈಗ ಮನಸ್ಸಿನಲ್ಲೇ ಕೈಮುಗಿಯುತ್ತೇನೆ.

ಅದಾಗಿ ಕೆಲವು ವಾರ ಕಳೆದಿದ್ದವು. ದೀಪಾವಳಿ ಹತ್ತಿರ ಬಂದಿತ್ತು. ಬೆಳಿಗ್ಗೆ ಗಂಡನ ಸ್ನಾನಕ್ಕೆ ಸ್ಟೀಲಿನ ಬಕೆಟ್ಟಿನಲ್ಲಿ ರಾಡು ಇಟ್ಟಿತ್ತು. ರಾಡಿನ ಪ್ಲಗ್ಗು ಬಚ್ಚಲಿನ ಒಳಗೆ ಕನ್ನಡಿಯ ಪಕ್ಕದಲ್ಲಿ, ಅದರ ಸ್ವಿಚ್ಚು ಹೊರಗಿನ ಸಾಲಿನಲ್ಲಿ. ನಾನು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಅತ್ತೆ ಆ ಕಡೆಯಿಂದ ಬರುತ್ತ "ನೀರು ಕಾದಾವು, ಹೋಗಪಾ" ಎಂದು ಕೂಗಿ ದೇವರ ಕೋಣೆಗೆ ಹೋದರು. ಗಂಡ ಟವೆಲು ಹೆಗಲಿಗೆ ಹಾಕಿಕೊಂಡು ನಡೆದರು. ಅವರು ನಿಂತು ಸ್ವಿಚ್ಚು ಒತ್ತಿದ್ದನ್ನು ನಾನು ಬಾಗಿಲಿನಿಂದ ಕಂಡೆ. ಎಷ್ಟು ಜಾಗ್ರತೆಯ ಮನುಷ್ಯ ಎಂದರೆ, ಸ್ವಿಚ್ಚು ಆರಿಸದೆ ಅವರು ಎಂದೂ ಆ ಬಕೆಟ್ಟಿನ ಹತ್ತಿರ ಹೋದವರಲ್ಲ.

ಆಮೇಲೆ ಒಂದು ಸದ್ದು ಬಂತು. ಕೂಗಲ್ಲ. ಹಲ್ಲು ಕಚ್ಚಿಕೊಂಡು ಭಾರ ಎತ್ತುವವರು ಮಾಡುವಂಥ ಸದ್ದು. ಬಕೆಟ್ಟು ಎತ್ತುತ್ತಿದ್ದಾರೆ ಅಂದುಕೊಂಡೆ. ಸದ್ದು ನಿಲ್ಲಲಿಲ್ಲ.

ಹಿಟ್ಟಿನ ಕೈಯಲ್ಲೇ ಹೋದೆ. ಬಾಗಿಲು ಅರ್ಧ ತೆರೆದಿತ್ತು. ಅವರು ಕುಕ್ಕರಗಾಲಿನಲ್ಲಿ ಕೂತಿದ್ದರು. ಬಲಗೈ ಬಕೆಟ್ಟಿನ ಹಿಡಿಕೆಯನ್ನು ಹಿಡಿದಿತ್ತು, ಅಥವಾ ಹಿಡಿಕೆಯೇ ಕೈಯನ್ನು ಹಿಡಿದಿತ್ತು. ಕುತ್ತಿಗೆಯ ನರಗಳು ಹಗ್ಗದಂತೆ ಎದ್ದಿದ್ದವು. ಕಣ್ಣು ನನ್ನ ಕಡೆಗೇ ಇತ್ತು. ಆದರೆ ನೋಡುತ್ತಿರಲಿಲ್ಲ. ಪ್ಲಗ್ಗು ಅವರ ಹೆಗಲಿನ ಆಚೆ ಇತ್ತು, ಅವರನ್ನು ಮುಟ್ಟದೆ ಅದು ಸಿಗುವಂತಿರಲಿಲ್ಲ. ಕಾಲೇಜಿನಲ್ಲಿ ವಿದ್ಯುತ್ತಿನ ಪಾಠ ಓದಿದವಳು ನಾನು. ಆಗ ನೆನಪಾದದ್ದು ಒಂದೇ, ಮುಟ್ಟಬಾರದು.

ಗೋಡೆಗೆ ತಿರುಗಿದೆ. ಅಲ್ಲಿ ಏನೂ ಇರಲಿಲ್ಲ. ಇತ್ತು, ಆದರೆ ಬಿಳಿಯೊಳಗೆ ಬಿಳಿ, ಒಂದರಂತೆ ಇನ್ನೊಂದು. ಮೊದಲು ಸಿಕ್ಕಿದ್ದನ್ನು ಒತ್ತಿದೆ. ಬಚ್ಚಲಿನ ದೀಪ ಆರಿತು. ಒಳಗಿನ ಕತ್ತಲಲ್ಲಿ ಆ ಸದ್ದು ಇನ್ನೂ ಬರುತ್ತಿತ್ತು. ಈ ಗಳಿಗೆಯನ್ನೇ ನಾನು ಮತ್ತೆ ಮತ್ತೆ ನೋಡುವುದು. ಬಸ್ಸಿನಲ್ಲಿ ಕೂತಾಗ, ತರಕಾರಿ ಹೆಚ್ಚುವಾಗ, ಆ ಬಿಳಿ ಗೋಡೆ ಎದುರಿಗೆ ಬಂದು ನಿಲ್ಲುತ್ತದೆ. ನನ್ನ ಹಿಟ್ಟಿನ ಬೆರಳು ಎಲ್ಲಿಗೆ ಹೋಗಬೇಕೋ ತಿಳಿಯದೆ ಗಾಳಿಯಲ್ಲಿ ನಿಂತಿರುತ್ತದೆ.

ಆಗ ಗುಲಾಬಿ ಕಲೆ ಕಂಡಿತು.

ಒತ್ತಿದೆ. ಒಳಗೆ ಬಕೆಟ್ಟು ಉರುಳಿತು. ಬಿಸಿನೀರು ಹೊಸಿಲು ದಾಟಿ ಬಂದು ನನ್ನ ಪಾದಕ್ಕೆ ತಾಗಿತು. ಗಂಡ ಗೋಡೆಗೆ ಒರಗಿ ಬಿದ್ದಿದ್ದರು, ಉಸಿರಾಡುತ್ತಿದ್ದರು. ಆ ಉಸಿರಿನ ಗೊರಗೊರ ಸದ್ದಿನಷ್ಟು ಹಿತವಾದದ್ದನ್ನು ನಾನು ಜನ್ಮದಲ್ಲಿ ಕೇಳಿಲ್ಲ. ಅತ್ತೆ ಓಡಿಬಂದು ಮಗನ ತಲೆ ಹಿಡಿದುಕೊಂಡು ನೆಲದ ನೀರಿನಲ್ಲೇ ಕೂತರು. ಹಣೆ ಒರೆಸುತ್ತಲೇ ಇದ್ದರು.

ಪಕ್ಕದ ಮನೆಯವರ ಕಾರಿನಲ್ಲಿ ಆಸ್ಪತ್ರೆಗೆ ಹೋದೆವು. ಎದೆಗೆ ತಂತಿ ಅಂಟಿಸಿ ನೋಡಿದರು, ಸಂಜೆಯವರೆಗೆ ಇಟ್ಟುಕೊಂಡರು. ಅಂಗೈಯಲ್ಲಿ ಹಿಡಿಕೆಯ ಅಗಲಕ್ಕೆ ಸುಟ್ಟ ಗಾಯ, ಉಳಿದದ್ದೆಲ್ಲ ಸರಿಯಾಗಿದೆ ಎಂದು ಡಾಕ್ಟರು ಹೇಳಿದರು. ಅತ್ತೆ ನಂಬದೆ ಇನ್ನೊಮ್ಮೆ ಕೇಳಿಸಿಕೊಂಡರು, ಮೊದಲು ಹಿಂದಿಯಲ್ಲಿ, ಆಮೇಲೆ ತೆಲುಗಿನಲ್ಲಿ. ಎರಡು ಭಾಷೆಯಲ್ಲೂ ಮಗ ಚೆನ್ನಾಗಿಯೇ ಇದ್ದ.

ಏನಾಯಿತು ಎಂಬುದು ಹೊಳೆದದ್ದು ಮರಳಿ ಬರುವಾಗ, ಕಾರಿನಲ್ಲಿ. ಗಂಡ ಕಟ್ಟು ಹಾಕಿದ ಕೈ ಮಡಿಲಲ್ಲಿಟ್ಟುಕೊಂಡು, "ನಾ ಆಫ್ ಮಾಡಿಽ ಹೋದೆ, ನೀ ನೋಡಿದಿ," ಎಂದರು.

ಅತ್ತೆ ಹೊರಗೆ ನೋಡುತ್ತಿದ್ದವರು ನಿಧಾನ ತಿರುಗಿದರು. "ಆಫ್ ನಾ ಮಾಡಿದ್ದೆನಲ್ಲಪಾ. ನೀರು ಕಾದಾವು ಅಂತ ಒತ್ತಿಽ ನಿನ್ನ ಕರದೆ."

ಅಷ್ಟೇ. ಅವ್ವ ಆರಿಸಿದ್ದನ್ನು ಮಗ ಜಾಗ್ರತೆಯಿಂದ ಮತ್ತೆ ಹಾಕಿದ್ದ. ಗೋಡೆ ಅದನ್ನು ಇಬ್ಬರಿಗೂ ಹೇಳಿರಲಿಲ್ಲ. ಅದರ ಮೇಲೆ ರಾಡು ಬೇರೆ ಹಳೆಯದು, ಬಕೆಟ್ಟಿಗೆ ತಾಗಿಕೊಂಡಿತ್ತು. ಕಾರಿನಲ್ಲಿ ಯಾರೂ ಯಾರನ್ನೂ ಬೈಯಲಿಲ್ಲ. ಮನೆ ಬರುವವರೆಗೆ ಅತ್ತೆ ಮಗನ ಒಳ್ಳೆಯ ಕೈಯನ್ನು ಬಿಡಲಿಲ್ಲ.

ರಾಡನ್ನು ಗುಜರಿಗೆ ಹಾಕಿದೆವು. ತೆಳ್ಳನೆಯ ಗೀಸರು ಬಂತು, ಸೋರುವ ಕರೆಂಟನ್ನು ತಾನೇ ಕಡಿದುಹಾಕುವ ಸಾಧನವನ್ನೂ ಮೀಟರಿನ ಹತ್ತಿರ ಕೂರಿಸಿದರು. ಮತ್ತೆ ಮೂವರೂ ಅದೇ ಅಂಗಡಿಗೆ ಹೋದೆವು. ಅಂಗಡಿಯವನು ಗಂಡನ ಕೈಯ ಕಟ್ಟು ನೋಡಿ ಕುರ್ಚಿ ಕೊಟ್ಟ. ಗಂಡ ದಪ್ಪನೆಯ ಹಳೇ ನಮೂನೆಯನ್ನೇ ಕೇಳುತ್ತಾರೇನೋ ಅಂದುಕೊಂಡಿದ್ದೆ. ಇಲ್ಲ, ಅವರ ಕಣ್ಣು ತೆಳ್ಳನೆಯವುಗಳ ಕಡೆಗೇ ಹೋಯಿತು. ನನಗೆ ನಗು ಬಂತು, ಜೊತೆಗೆ ಸಮಾಧಾನವೂ ಆಯಿತು. ಇವರು ಇವರೇ ಆಗಿ ಉಳಿದಿದ್ದರು.

"ಆ ಬೆಕ್ಕಿನ ಕಣ್ಣಿಂದು ತೋರ್ಸು, ಭಾಯ್," ಎಂದರು.

ಅತ್ತೆ ಒಂದನ್ನು ಒತ್ತಿ ನೋಡಿದರು. ಸ್ವಿಚ್ಚು ವಾಲಿ ನಿಂತಿತು, ಕೆಂಪು ಚುಕ್ಕಿ ಹೊತ್ತಿತು. ಮತ್ತೆ ಒತ್ತಿದರು, ಆರಿತು. "ಇದು ಹೂಂ ಅಂತೈತಿ, ಉಹೂಂ ಅಂತೈತಿ. ಇದು ನಡೀತೈತಿ," ಎಂದು ಎದ್ದರು.

ಹಳೆಯ ಪ್ಲೇಟು ಬಿಚ್ಚುವ ದಿನ ಗಂಡ ಆ ಕಲೆಯ ಸ್ವಿಚ್ಚಿನ ಪಟ್ಟಿಯನ್ನು ಎಸೆಯದೆ ತೆಗೆದಿಟ್ಟುಕೊಂಡರು. ಹೊಸ ಸಾಲು ಕೂತಾದ ಮೇಲೆ ಅವ್ವನಿಗೆ ಗೀಸರಿನ ಸ್ವಿಚ್ಚು ತೋರಿಸಿ, "ಇದಕ್ಕೂ ಒಂದು ಬೊಟ್ಟು ಹಚ್ಚಿಬಿಡು," ಎಂದರು.

"ಈಗ್ಯಾಕ? ಅದಕ್ಕ ಕೆಂಪು ಬೊಟ್ಟು ಐತೆಲ್ಲ. ಮುಂದಿನ ಖಂಡೇಪೂಜಿಗೆ ನೋಡೋಣಂತ," ಎಂದರು ಅತ್ತೆ. ಸ್ವಲ್ಪ ತಡೆದು, ಬಟ್ಟಲು ತಂದು ಹಚ್ಚಿಯೇ ಹೋದರು, ಒಣ ಕುಂಕುಮ, ಉಗುರಿನಷ್ಟೇ.

ಈಗ ನಮ್ಮಲ್ಲಿ ಒಂದು ರೂಢಿಯಾಗಿದೆ. ಗಂಡ ನೀರು ಮುಟ್ಟುವ ಮುನ್ನ ಬಚ್ಚಲಿನ ಒಳಗಿನಿಂದ ಕೂಗುತ್ತಾರೆ, "ಆರೇತೇನ?"

ನಾನು ಕೈಕೆಲಸ ಬಿಟ್ಟು ಬಂದು ಗೀಸರಿನ ಚುಕ್ಕಿಯನ್ನು ನೋಡುತ್ತೇನೆ. "ಆರೇತಿ, ಸ್ನಾನ ಮಾಡ್ರಿ."

ಆಮೇಲೂ ಸ್ವಲ್ಪ ಹೊತ್ತು ಅಲ್ಲೇ ನಿಂತಿರುತ್ತೇನೆ. ಒಳಗೆ ನೀರು ಬೀಳುತ್ತದೆ, ತಂಬಿಗೆ ಬಕೆಟ್ಟಿಗೆ ತಾಗಿ ಸದ್ದಾಗುತ್ತದೆ, ಅವರು ಶ್ರುತಿಯಿಲ್ಲದೆ ಏನೋ ಗುನುಗಲು ಶುರುಮಾಡುತ್ತಾರೆ. ಅದನ್ನು ಕೇಳಿದ ಮೇಲೆ ರೊಟ್ಟಿಯ ಕಡೆಗೆ ಹೋಗುತ್ತೇನೆ.