ಸಾವ್ಕಾರನ ತಾಟು

ಮೊನ್ನೆ ಸಂಜೆ ನನ್ನ ಹೆಂಡತಿ ಅಡುಗೆಮನೆಯ ಫರಸಿ ಕಲ್ಲಿನ ನೆಲದ ಮೇಲೆ ಸ್ಟೀಲಿನ ತಾಟೊಂದನ್ನು ಇಟ್ಟಳು. ಠಣ್ ಎಂದಿತು. ನಡೆದದ್ದು ಅಷ್ಟೇ. ತಾಟು ಇಟ್ಟರೆ ಸಪ್ಪಳ ಆಗುತ್ತದೆ, ಇದರಲ್ಲಿ ಬರೆಯುವಂಥದ್ದು ಏನಿದೆ ಎಂದು ನೀವು ಕೇಳಬಹುದು. ಆದರೆ ನಾನು ಸಪ್ಪಳಗಳಿಗೆ ಹೆದರುವ ಮನುಷ್ಯ. ಫೋನು ಬಾರಿಸಿದರೆ ಯಾರೋ ತೀರಿಹೋದರು ಎಂದುಕೊಳ್ಳುತ್ತೇನೆ; ಬಾರಿಸದಿದ್ದರೆ, ಹೋದದ್ದನ್ನು ನನಗೆ ಹೇಳುವುದೋ ಬೇಡವೋ ಎಂದು ಅವರೆಲ್ಲ ಕೂತು ಯೋಚಿಸುತ್ತಿದ್ದಾರೆ ಎಂದುಕೊಳ್ಳುತ್ತೇನೆ. ಗೋಕಾಕದಿಂದ ಘಟಪ್ರಭೆಗೆ ಹೋಗುವ ಬಸ್ಸಿನಲ್ಲಿ ಡ್ರೈವರ್ ಆಕಳಿಸಿದರೆ ಕಂಡಕ್ಟರನಿಗಿಂತ ಮೊದಲು ನಾನು ಎಚ್ಚರಾಗುತ್ತೇನೆ. ಇಂಥವನಿಗೆ ಆ ಠಣ್ ಎಂಬುದು ನೇರವಾಗಿ ಎದೆಗೆ ಬಡಿಯಿತು. ಅದು ನನಗೆ ಬಹಳ ದಿನದಿಂದ ಪರಿಚಯದ ಸಪ್ಪಳ. ಅದರ ಹಿಂದೆ ಒಂದು ಬೆಕ್ಕಿದೆ, ಬೆಕ್ಕಿನ ಹಿಂದೆ ನಮ್ಮ ಕಾಕು ಇದ್ದಾರೆ.

ನನ್ನೂರು ಕೊಣ್ಣೂರ. ತೊಂಬತ್ತರ ದಶಕದಲ್ಲಿ ಹೈಸ್ಕೂಲಿಗೆಂದು ನನ್ನನ್ನು ಮೂಡಲಗಿಯಲ್ಲಿದ್ದ ಅಪ್ಪನ ತಮ್ಮ, ಕಾಕಾನ ಮನೆಗೆ ಕಳಿಸಿದರು. ಕೊಣ್ಣೂರಿನಲ್ಲಿ ಸಾಲಿ ಇರಲಿಲ್ಲವೆಂದಲ್ಲ, ಅಲ್ಲಿದ್ದರೆ ನಾನು ಸಾಲಿಗೆ ಹೋಗುತ್ತಿರಲಿಲ್ಲ. ಕಾಕಾನದು ಅರಿವೆ ಅಂಗಡಿ. ಅವನ ಹೆಂಡತಿಯೇ ಈ ಕಾಕು. ಮಕ್ಕಳಿಬ್ಬರು: ನನಗಿಂತ ತುಸು ಚಿಕ್ಕವಳು ಸುಮಾ, ಅವಳಿಗಿಂತ ಚಿಕ್ಕವನು ಅಜಿತ. ಆ ಮನೆಗೆ ಹೊಸದಾಗಿ ಕೇಬಲ್ ಬಂದಿತ್ತು. ಕೇಬಲ್ಲಿನಲ್ಲಿ ಒಂದು ಇಂಗ್ಲಿಷ್ ಚಾನೆಲ್, ಆ ಚಾನೆಲ್ಲಿನಲ್ಲಿ ಒಂದು ಬೂದಿ ಬಣ್ಣದ ಕಾರ್ಟೂನ್ ಬೆಕ್ಕು. ಹೊಟ್ಟೆ ನೆಲಕ್ಕೆ ತಾಗುವಷ್ಟು ದಪ್ಪ, ಕಣ್ಣು ಸದಾ ಅರ್ಧ ಮುಚ್ಚಿದ್ದು, ಕೆಲಸವೆಂದರೆ ತಿನ್ನುವುದು ಮತ್ತು ಮಲಗುವುದು. ಅದರ ಇಂಗ್ಲಿಷ್ ಹೆಸರು ನಮ್ಮ ಬಾಯಲ್ಲಿ ಹೊರಳುತ್ತಿರಲಿಲ್ಲ. ಕಾಕು ಅದನ್ನು ಮೊದಲ ಸಲ ನೋಡಿದಾಗಲೇ, ‘ಥೇಟ್ ಬೆಲ್ಲದ ಸಾವ್ಕಾರ ಆಗೈತಿ ನೋಡ’ ಎಂದರು. ಪೇಟೆಯ ಬೆಲ್ಲದ ವ್ಯಾಪಾರಿಯ ಹೊಟ್ಟೆಯೂ ಹಾಗೇ ಇತ್ತು. ಅಂದಿನಿಂದ ಅದು ಸಾವ್ಕಾರನಾಯಿತು. ‘ಸಾವ್ಕಾರ ಬಂದ್ರ ಕರೀರಿ ನನ್ನ’ ಎಂದು ರೊಟ್ಟಿ ಬಡಿಯುತ್ತಲೇ ಹೇಳಿಡುವರು.

ನಮ್ಮದು ಜೈನರ ಮನೆ. ಹೊತ್ತು ಮುಳುಗಿದ ಮೇಲೆ ಉಣ್ಣುವಂತಿಲ್ಲ. ಬೇರೆಯವರ ವಿಷಯದಲ್ಲಿ ಕಾಕಾ ತುಸು ಸಡಿಲ. ತಮ್ಮ ವಿಷಯದಲ್ಲಿ ಕಾಕು ಬಲು ಬಿಗಿ, ಒಂದು ಗುಟುಕು ನೀರು ಸಹ ಇಲ್ಲ. ಅಂಥವರಿಗೆ ಮೆಚ್ಚಿಗೆಯಾದದ್ದು ನಡುರಾತ್ರಿ ಎದ್ದು ಕಪಾಟು ತೆಗೆದು ತಿನ್ನುವ ಬೆಕ್ಕು.

‘ನೋಡ ನೋಡ, ಕತ್ತಲದಾಗ ತಿನ್ನಾಕತ್ತೈತಿ. ಹೊಟ್ಟಿ ಹಂಗ ಬರದ ಏನಾಗ್ತೈತಿ?’

‘ಅದೇನ ಜೈನರ ಬೆಕ್ಕಲ್ಲ ಬಿಡ’ ಎನ್ನುವನು ಕಾಕಾ.

‘ಆಗ್ತೇನಿ ಅಂದ್ರ ಬ್ಯಾಡ ಅಂದವ್ರ ಯಾರು?’

ದಿನದ ಸಣ್ಣ ಕತೆಗಳಲ್ಲದೆ, ವರ್ಷದ ಕೊನೆಗೊಮ್ಮೆ ಸಾವ್ಕಾರನ ಒಂದು ಉದ್ದ ಕತೆ ಬರುತ್ತಿತ್ತು. ಅದೇ ಕತೆ ಪ್ರತಿ ವರ್ಷ. ಸಾವ್ಕಾರ ಬ್ರೆಡ್ಡಿನ ಗಾಡಿಯೊಂದರಲ್ಲಿ ತಿಂದು ತಿಂದು ನಿದ್ದೆ ಹೋಗುತ್ತಾನೆ. ಎದ್ದಾಗ ಗಾಡಿ ಯಾವುದೋ ಊರಿನಲ್ಲಿರುತ್ತದೆ. ಎಲ್ಲಿ ನೋಡಿದರೂ ಹಿಮ. ಮನೆ ಹುಡುಕುತ್ತ ಅಲೆಯುತ್ತಾನೆ, ಎಲ್ಲರೂ ಅಟ್ಟುತ್ತಾರೆ, ಆ ಹೊಟ್ಟೆಯೂ ಇಳಿಯುತ್ತದೆ. ಕಡೆಗೆ ಹಿಮದಲ್ಲಿ ತೊಯ್ದು ಒಂದು ಬಾಗಿಲ ಮುಂದೆ ಬಂದು ನಿಲ್ಲುತ್ತಾನೆ. ಬಾಗಿಲು ತೆರೆಯುತ್ತದೋ ಇಲ್ಲವೋ?

ನಮಗೆ ಗೊತ್ತಿರಲಿಲ್ಲ. ಚಳಿಗಾಲದ ಹೊತ್ತು ಬೇಗ ಇಳಿಯುತ್ತದೆ. ಸರಿಯಾಗಿ ಆ ಬಾಗಿಲ ಮುಂದೆ ಕಾಕು ಏಳುತ್ತಿದ್ದರು. ಅವರ ಒಂದು ಕಣ್ಣು ಟಿವಿಯ ಮೇಲಿದ್ದರೆ ಇನ್ನೊಂದು ಕಿಟಕಿಯ ಮೇಲೆ.

‘ಸಾವ್ಕಾರಗ ಹೊತ್ತು ಗೊತ್ತು ಇಲ್ಲ, ನಮಗೈತಿ. ಏಳ್ರಿ.’

‘ಅವ್ವಾ, ಮೊದ್ಲ ಉಂಡು ಕುಂದ್ರತೀವಿ, ಲಗೂನ ಮಾಡ’ ಎಂದು ಸುಮಾ ಒಮ್ಮೆ ವಾದಿಸಿದ್ದಳು.

‘ನಾಕಕ್ಕ ಉಂಡು ಮುಂಜಾನಿತನಾ ಹೆಂಗ ಇರ್ತೀರಿ? ಸಾವ್ಕಾರನಂಗ ಕಪಾಟಿಗೆ ಕೈ ಹಾಕಾಕ?’

ಹೀಗಾಗಿ ಕೊನೆ ನೋಡಲು ನಮಗೆ ಯಾವ ವರ್ಷವೂ ಆಗಲಿಲ್ಲ. ಆಗ ಉಪಾಯ ಹೂಡಿದವನು ಅಜಿತ. ಟಿವಿಯ ಚಿತ್ರ ಹಿಡಿಯುವ ಯಂತ್ರ ಇರುತ್ತದೆಂದು ಕೇಳಿದ್ದೆವೇ ಹೊರತು ಕಂಡಿರಲಿಲ್ಲ. ಮನೆಯಲ್ಲಿದ್ದದ್ದು ಕಾಕಾ ಪ್ರವಚನ ಹಿಡಿದುಕೊಳ್ಳಲು ತಂದಿದ್ದ ಟೇಪ್ ರೆಕಾರ್ಡರ್. ಅದನ್ನು ಸ್ಟೂಲಿನ ಮೇಲಿಟ್ಟು, ಟಿವಿಯ ಮುಖಕ್ಕೆ ಮುಖ ತಾಗಿಸಿ, ಗುಂಡಿ ಒತ್ತಿ, ನಾವು ಉಣ್ಣಲು ಎದ್ದೆವು. ಅಡುಗೆಮನೆ ಅಲ್ಲೇ ಬಾಜೂಕ್ಕೆ, ನಡುವೆ ಬಾಗಿಲು ಸಹ ಇರಲಿಲ್ಲ. ಉಂಡು ಬಂದು ಕೇಳಿದರೆ ಕ್ಯಾಸೆಟ್ಟಿನಲ್ಲಿ ಇಡೀ ಮನೆ ತುಂಬಿಕೊಂಡಿತ್ತು. ಕಾಕಾನ ಕೆಮ್ಮು, ಹಿತ್ತಲಿನ ಎಮ್ಮೆ, ಕಾಕುನ ‘ಏಳ್ರಿ’. ಅವುಗಳ ಸಂದಿಯಲ್ಲಿ ಎಲ್ಲೋ ಸಾವ್ಕಾರ. ಗಾಳಿಯ ಸುಯ್ಲು. ಬಾಗಿಲು ಬಡಿದ ಸಪ್ಪಳ. ಕಿರ್ರೆಂದು ಬಾಗಿಲು ತೆರೆದದ್ದು. ತುಸು ಮೌನ. ಆಮೇಲೆ ಠಣ್. ಆಮೇಲೆ ಹಾಡು.

‘ಬಾಗಲಾ ತಗದ್ರು’ ಎಂದಳು ಸುಮಾ. ‘ತಾಟ ಇಟ್ರು. ಉಣ್ಣಾಕ ಹಾಕಿದ್ರು.’

ಅದರ ಮೇಲೆ ನಮಗೆ ಯಾವ ಅನುಮಾನವೂ ಉಳಿಯಲಿಲ್ಲ. ಆ ಠಣ್ ಕೇಳಲಿಕ್ಕೆಂದೇ ಎಷ್ಟು ಸಲ ಆ ಕ್ಯಾಸೆಟ್ಟು ಹಾಕಿದೆವೋ. ಮುಂದೊಂದು ದಿನ ಕಾಕಾ ಅದರ ಮೇಲೆಯೇ ಪ್ರವಚನ ಹಿಡಿದ. ಪ್ರವಚನ ಕ್ಯಾಸೆಟ್ಟಿಗಿಂತ ತುಸು ಗಿಡ್ಡದಾಯಿತು. ಬಂದ ಹಿರಿಯರೆಲ್ಲ ಕೈಮುಗಿದು ಕೇಳುತ್ತಿರುವಾಗ, ತ್ಯಾಗದ ಮಹಿಮೆ ಮುಗಿದು ಸಾವ್ಕಾರನ ಹಾಡು ಶುರುವಾಯಿತು. ಆಮೇಲೆ ಆ ಕ್ಯಾಸೆಟ್ಟು ಏನಾಯಿತೋ ನಾವು ಕೇಳುವ ಧೈರ್ಯ ಮಾಡಲಿಲ್ಲ.

ಇಲ್ಲಿ ಕಾಕುನ ಊಟದ ಮಾತು ಬರಬೇಕು. ಅವರು ಎಲ್ಲರಿಗಿಂತ ಕೊನೆಗೆ ಉಣ್ಣುವವರು. ಮೊದಲು ಕಾಕಾ, ಆಮೇಲೆ ನಾವು, ಅಂಗಡಿಯ ಆಳು, ಯಾರಾದರೂ ಬಂದಿದ್ದರೆ ಅವರು. ಇಷ್ಟಾಗುವಾಗ ಎಷ್ಟೋ ದಿನ ಕಿಟಕಿಯ ಬೆಳಕು ಹೋಗಿರುತ್ತಿತ್ತು. ಕಾಕು ಒಮ್ಮೆ ಹೊರಗೆ ಇಣುಕಿ, ‘ನಂದ್ ಹೊತ್ತ ಹೋತು’ ಎಂದು ತಮ್ಮ ತಾಟನ್ನು ಮತ್ತೆ ಗೋಡೆಗೆ ಆನಿಸಿಡುವರು. ಅದರಲ್ಲಿ ಸಿಟ್ಟಿಲ್ಲ, ದೂರಿಲ್ಲ. ಬಸ್ಸು ತಪ್ಪಿದವರು ಮುಂದಿನ ಬಸ್ಸಿಗೆ ಕೂತಂತೆ ಮುಂಜಾನೆಗೆ ಕಾಯುವರು. ನಮಗೂ ಅದು ಆ ಮನೆಯ ಗೋಡೆ ಗಡಿಯಾರದಂತೆ ದಿನವೂ ಇರುವ ಸಂಗತಿಯಾಗಿತ್ತು.

ವರ್ಷಗಳು ಹೋದವು. ಕಾಕಾ ತೀರಿಕೊಂಡ. ಅಜಿತ ಅಂಗಡಿಗೆ ಕೂತ. ನಾನು ಗೋಕಾಕದಲ್ಲಿ ನೌಕರಿ ಹಿಡಿದು, ರಾತ್ರಿ ಒಂಬತ್ತಕ್ಕೆ ಟಿವಿ ಮುಂದೆ ತಾಟು ಹಿಡಿದು ಉಣ್ಣುವವನಾದೆ. ಹೊಟ್ಟೆಯೂ ಸಾವ್ಕಾರನ ಪ್ರಮಾಣಕ್ಕೆ ಬಂತು. ಸುಮಾಳನ್ನು ಹುಕ್ಕೇರಿಗೆ ಕೊಟ್ಟಿತ್ತು. ಕಾಕುನ ನೆನಪು ಸಡಿಲಾಗತೊಡಗಿದ ಮೇಲೆ ಅವಳೇ ಅವ್ವನನ್ನು ಕರೆದೊಯ್ದಳು. ಹೋದ ಬೇಸಿಗೆಯಲ್ಲಿ ಅವಳ ಫೋನು ಬಂತು. ನಾನು ಅಭ್ಯಾಸದಂತೆ ಎದ್ದುನಿಂತು ಎತ್ತಿದೆ.

‘ಅಣ್ಣಾ, ಅವ್ವ ಉಣ್ಣವಲ್ಲಳು. ಯಾವಾಗ ತಾಟ ಇಟ್ರೂ ಹೊತ್ತ ಮುಳಗೈತಿ ಅಂತಾಳ. ಮುಂಜಾನಿ ಹತ್ತಕ್ಕೂ ಅದ, ಮಧ್ಯಾನ್ನಕ್ಕೂ ಅದ.’

‘ಹೊರಗ ಕರಕೊಂಡು ಹೋಗಿ ತೋರಸಬೇಕಿಲ್ಲೋ?’

‘ತೋರಿಸಿದ್ನಿ. ನಡುಮಧ್ಯಾನ್ನ ಅಂಗಳದಾಗ ನಿಲ್ಲಿಸಿ, ನೋಡವ್ವಾ ಸೂರ್ಯಾ ಅಂದ್ನಿ. ಅದು ಚಂದ್ರ ಅಂದ್ಲು. ಇಷ್ಟ ಸುಡಾಕತ್ತೈತಿ, ಚಂದ್ರ ಹೆಂಗ ಆಗ್ತಾನ ಅಂದ್ರ, ಬ್ಯಾಸಗಿ ಚಂದ್ರ ಹಂಗ ಇರ್ತಾನ ಅಂದ್ಲು.’

ನಕ್ಕೆವು. ಆಮೇಲೆ ಅವಳು ಉಳಿದದ್ದನ್ನು ಹೇಳಿದಳು. ಡಾಕ್ಟರು, ಹೇಗಾದರೂ ಮಾಡಿ ಹೊಟ್ಟೆಗೆ ಹಾಕಿ, ಇಲ್ಲದಿದ್ದರೆ ಮಳೆಗಾಲ ಕಾಣುವುದಿಲ್ಲ ಎಂದಿದ್ದರಂತೆ.

ಅದೇ ವಾರ ಅಜಿತನ ಸಂದೇಶ ಬಂತು. ಸಾವ್ಕಾರ ಸಿಕ್ಕಿದ್ದ. ಯಾರೋ ಪುಣ್ಯಾತ್ಮರು ಆ ಹಳೆಯ ಉದ್ದ ಕತೆಯನ್ನು ಇಂಟರ್ನೆಟ್ಟಿನಲ್ಲಿ ಇಟ್ಟಿದ್ದರು. ಅದರ ಕೆಳಗೆ ಎಲ್ಲೆಲ್ಲಿಯವರೋ, ನಮ್ಮ ಬಾಲ್ಯ, ನಮ್ಮ ಚಳಿಗಾಲ ಎಂದು ಬರೆದುಕೊಂಡಿದ್ದರು. ಸಾವ್ಕಾರನಿಗೆ ಮೂಡಲಗಿಯ ಹೊರಗೂ ಅಭಿಮಾನಿಗಳಿದ್ದಾರೆಂದು ತಿಳಿದು ನನಗೆ ತುಸು ಹೊಟ್ಟೆಕಿಚ್ಚಾಯಿತು. ಸುಮಾ ಮಾತ್ರ ಬೇರೆಯದನ್ನೇ ಯೋಚಿಸಿದಳು: ‘ರವಿವಾರ ಇಬ್ಬರೂ ಬರ್ರಿ. ಅವ್ವನ್ನ ಮುಂದ ಕುಂದ್ರಿಸಿ ಇದನ್ನ ಹಚ್ಚೂಣು. ಆ ಬಾಗಲದ ಮುಂದ ಬಂದಕೂಡ್ಲೆ ಏಳ್ರಿ ಅಂತಾಳೇನೋ. ಅಂದ್ರ, ಹೊತ್ತ ಇನ್ನೂ ಐತಿ ಅಂತ ಆಕಿಗೆ ಅನ್ನಿಸಿದಂಗ.’

ರವಿವಾರ ಹೊರಟೆ. ಧುಪದಾಳದ ಬಳಿ ಹೊಳೆಯಲ್ಲಿ ನೀರು ತಳ ಕಂಡಿತ್ತು, ನಾನು ಅದರಲ್ಲಿಯೂ ಶಕುನ ಹುಡುಕಿದೆ. ಹುಕ್ಕೇರಿ ಮುಟ್ಟಿದಾಗ ಸುಮಾಳ ಮನೆಯ ಕಿಟಕಿಯ ಬಳಿ ಕಾಕು ಕೂತಿದ್ದರು, ಸೀರೆಯೊಳಗೆ ಅವರನ್ನು ಹುಡುಕಬೇಕಾಗಿತ್ತು. ನನ್ನನ್ನು ನೋಡಿ, ‘ಅರಿವಿ ತಗೊಳ್ಳಾಕ ಬಂದೀರೇನ್ರಿ? ಅವರು ಊಟಕ್ಕ ಹೋಗ್ಯಾರ’ ಎಂದರು. ಆಗಲೇ ಬಂದಿದ್ದ ಅಜಿತ, ‘ಉದ್ರಿ ಕೇಳಾಕ ಬಂದಾನ, ಹೊಳ್ಳಿ ಕಳಸ’ ಎಂದ. ಅವನು ಅಳು ಬಂದಾಗ ಇಂಥ ಮಾತಾಡುವವನು.

ಟಿವಿಯಲ್ಲಿ ಸಾವ್ಕಾರ ಬಂದ. ನಾವು ಮೂವರೂ ಪರದೆ ನೋಡುತ್ತಿರಲಿಲ್ಲ, ಕಾಕುವನ್ನು ನೋಡುತ್ತಿದ್ದೆವು. ಬ್ರೆಡ್ಡಿನ ಗಾಡಿ ಬಂತು, ಹಿಮ ಬಿತ್ತು. ‘ಸಾವ್ಕಾರ ಭಾಳ ಸೊರಗ್ಯಾನ’ ಎಂದರು ಕಾಕು. ಸುಮಾ ನನ್ನ ಕೈ ಹಿಡಿದಳು. ಬಾಗಿಲು ಬಂತು. ಹಿಮದಲ್ಲಿ ತೊಯ್ದ ಸಾವ್ಕಾರ ನಿಂತ. ಕಾಕು ಕಿಟಕಿಯ ಕಡೆ ಹೊರಳಲಿಲ್ಲ. ಏಳ್ರಿ ಎನ್ನಲಿಲ್ಲ. ಇಷ್ಟು ವರ್ಷದ ಮೇಲೆ ಮೊದಲ ಸಲ ನಮ್ಮನ್ನು ಯಾರೂ ಎಬ್ಬಿಸದ ಕಾರಣ ನಾವು ಕೊನೆಯನ್ನು ನೋಡಬೇಕಾಯಿತು. ಬಾಗಿಲು ಕಿರ್ರೆಂದಿತು, ಮನೆಯವರು ಸಾವ್ಕಾರನನ್ನು ಎತ್ತಿಕೊಂಡರು, ಹಾಡು ಬಂತು, ಮುಗಿಯಿತು.

‘ತಾಟ?’ ಎಂದಳು ಸುಮಾ.

ಅಜಿತ ಹಿಂದಕ್ಕೆ ಓಡಿಸಿ ಮತ್ತೆ ಹಚ್ಚಿದ. ಬಾಗಿಲು, ಮೌನ, ಹಾಡು. ತಾಟು ಇರಲಿಲ್ಲ. ಸಾವ್ಕಾರನಿಗೆ ಯಾರೂ ಏನನ್ನೂ ಬಡಿಸಲಿಲ್ಲ. ಆ ಠಣ್ ಕಾರ್ಟೂನಿನದಾಗಿರಲೇ ಇಲ್ಲ. ಬಾಜೂದ ಅಡುಗೆಮನೆಯಲ್ಲಿ ನಮಗೆಂದು ಕಾಕು ಇಟ್ಟ ತಾಟಿನ ಸಪ್ಪಳ ಅದು. ಟೇಪ್ ರೆಕಾರ್ಡರ್ ಅದನ್ನೂ ಹಿಡಿದುಕೊಂಡಿತ್ತು. ನಾವು ವರ್ಷಾನುಗಟ್ಟಲೆ ಅದನ್ನು ಬೆಕ್ಕಿನ ಮುಂದಿಟ್ಟು ಸಮಾಧಾನಪಟ್ಟಿದ್ದೆವು.

ಸುಮಾ ಎದ್ದು ಒಳಗೆ ಹೋದಳು. ಅವಳ ಮನೆಯಲ್ಲಿ ಎಲ್ಲರೂ ಮೇಜಿನ ಮೇಲೆ ಉಣ್ಣುವವರು. ಆ ದಿನ ಅವಳು ತಾಟುಗಳನ್ನು ನೆಲದ ಮೇಲೆ ಹಾಕಿದಳು. ಠಣ್. ಠಣ್.

ಕಾಕು ತಲೆಯೆತ್ತಿದರು. ಗೋಡೆ ಹಿಡಿದು ಎದ್ದರು. ‘ಸಾವ್ಕಾರಗ ಹೊತ್ತು ಗೊತ್ತು ಇಲ್ಲ, ನಮಗೈತಿ. ಏಳ್ರಿ.’

ನಾವು ಎದ್ದು ಸಾಲಾಗಿ ಕೂತೆವು. ಮೀಸೆ ನೆರೆತ ಅಜಿತನ ತಾಟಿಗೆ, ‘ನೀ ಬೆಳೀಬೇಕ’ ಎಂದು ಕಾಕು ಇನ್ನೊಂದು ರೊಟ್ಟಿ ಹಾಕಿದರು. ನಾನು ಅಷ್ಟು ಬೇಗ ಎಂದೂ ಉಂಡಿಲ್ಲ. ಮೂವರೂ ಗಬಗಬ ನುಂಗಿ, ತಾಟು ಖಾಲಿ ಮಾಡಿ ತೋರಿಸಿದೆವು.

‘ಕಾಕು, ನಮ್ಮದೆಲ್ಲಾರದೂ ಆತ್ರಿ. ಈಗ ನೀವ ಕೂಡ್ರಿ.’

ಅವರು ಕಿಟಕಿಯತ್ತ ನೋಡಿದರು. ಹೊರಗೆ ಬೇಸಿಗೆಯ ಮಧ್ಯಾಹ್ನ ಉರಿಯುತ್ತಿತ್ತು. ‘ಹೊತ್ತೈತೇನ ತಮ್ಮಾ?’ ಎಂದು ನನ್ನನ್ನು ಕೇಳಿದರು.

‘ಬೇಕಾದಷ್ಟೈತ್ರಿ.’

ಹಾಲಿನಲ್ಲಿ ನೆನೆಸಿದ ಅರ್ಧ ರೊಟ್ಟಿ ಉಂಡರು.

ಇಲ್ಲಿಗೇ ನಿಲ್ಲಿಸಿದರೆ ಚೆಂದವಿತ್ತು. ಮರುದಿನ ಸುಮಾ ಒಬ್ಬಳೇ ತಾಟು ಹಾಕಿದಳು. ಕಾಕು ಎದ್ದು ಬಂದರು, ಸುತ್ತ ನೋಡಿದರು: ‘ಅವರಿಬ್ಬರು ಎಲ್ಲಿದಾರ? ಅವರು ಉಣ್ಣಲಿ.’ ನಾವಿಲ್ಲದೆ ಅವರ ಪಾಳಿ ಬರುತ್ತಿರಲಿಲ್ಲ. ಫೋನಿನಲ್ಲಿ ಮುಖ ತೋರಿಸುವ ಉಪಾಯ ಮಾಡಿದೆವು. ಅಜಿತ ಮೂಡಲಗಿಯ ಅಂಗಡಿಯಲ್ಲಿ, ನಾನು ಗೋಕಾಕದ ಆಫೀಸಿನಲ್ಲಿ ತಾಟು ಹಿಡಿದು ಕೂತೆವು. ‘ಡಬ್ಬ್ಯಾಗ ಕುಂತು ಉಂಡ್ರ ಹೊಟ್ಟಿ ತುಂಬತೈತೇನ?’ ಎಂದು ಕಾಕು ಫೋನನ್ನು ಬೋರಲು ಹಾಕಿದರು. ರವಿವಾರ ರವಿವಾರ ಹೋದೆವು, ರಜೆ ಹಾಕಿ ನಡುವೆಯೂ ಹೋದೆವು. ನಾವು ಹೋದ ದಿನ ಉಂಡರು. ಉಳಿದ ದಿನ ಗಲ್ಲಕ್ಕೆ ಕೈ ಹಚ್ಚಿ ನಮ್ಮ ದಾರಿ ನೋಡುತ್ತ, ಹೊತ್ತು ಮುಳುಗಿಸಿಕೊಂಡು ಕೂತರು. ಹಾಗೆ ಉಂಡು ಯಾವ ಜೀವ ನಿಲ್ಲುತ್ತದೆ? ಡಾಕ್ಟರು ಹೇಳಿದಂತೆಯೇ ಆಯಿತು. ಫೋನು ಬಾರಿಸಿದಾಗ ನಾನು ಎಂದುಕೊಂಡದ್ದು ಆ ಒಂದು ಸಲ ಖರೆಯಾಗಿತ್ತು.

ಮೊನ್ನೆ ಸಂಜೆ ತಾಟು ಠಣ್ ಎಂದಾಗ ನಾನು ಅಡುಗೆಮನೆಗೆ ಹೋದೆ. ಈಗೀಗ ನಾನು ಹೊತ್ತಿದ್ದಾಗಲೇ ಉಣ್ಣುತ್ತೇನೆ, ಧರ್ಮಕ್ಕೆ ಎಂದು ಹೇಳಿಕೊಳ್ಳುವಷ್ಟು ಮುಖ ನನಗಿಲ್ಲ. ಹೆಂಡತಿ ಒಂದೇ ತಾಟು ಹಾಕಿದ್ದಳು, ನನ್ನದು. ಅವಳದು ಇನ್ನೂ ಗೋಡೆಗೆ ಆನಿಸಿಕೊಂಡು ನಿಂತಿತ್ತು. ಅದನ್ನು ತೆಗೆದು ನೆಲಕ್ಕಿಟ್ಟೆ.

‘ಮೊದ್ಲ ನೀ ಕುಂದ್ರ.’

ಅವಳು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ‘ಬಿ.ಪಿ. ಗುಳಗಿ ತಗೊಂಡೀರಿಲ್ಲೋ?’

‘ತಗೊಂಡೇನಿ. ಕುಂದ್ರ.’

ಅನುಮಾನದಿಂದಲೇ ಕೂತಳು. ನಾನು ಹಾಕಿದ ಪಲ್ಯ ತಾಟಿನ ಹೊರಗೇ ಹೆಚ್ಚು ಬಿತ್ತು. ಅವಳು ಮೊದಲ ತುತ್ತು ಮುರಿಯುವವರೆಗೆ ಕಿಟಕಿಯ ಬಳಿ ನಿಂತು ನೋಡಿದೆ. ಎದುರು ಮನೆಯ ಗೋಡೆಯ ಮೇಲೆ ಇನ್ನೂ ತುಸು ಬಿಸಿಲಿತ್ತು.