ಕೊಡೆ ನರಿ ಕಾಶಿಗೆ ಬಂದ ತಿಥಿ

ಆ ಮಧ್ಯಾಹ್ನ ಕಾಶಿಯ ಬಂಗಾಲಿ ಟೋಲಾದ ನಮ್ಮ ಮನೆಯ ನಡುಮನೆಯಲ್ಲಿ ಇದ್ದವರು ಮೂರೇ ಜನ. ಗೋಡೆಗೆ ಒರಗಿ ಹೂಬತ್ತಿ ಹೊಸೆಯುತ್ತಿದ್ದ ಅಜ್ಜಿ, ಊಟ ಬಿಟ್ಟು ಮೊಬೈಲು ನೋಡುತ್ತಿದ್ದ ನನ್ನ ತಮ್ಮ, ಅವನ ತಟ್ಟೆಯ ಹಪ್ಪಳಕ್ಕೆ ಕೈ ಹಾಕುತ್ತಿದ್ದ ನಾನು. ತಮ್ಮ ಅಂದರೆ ಎಳೆಯವನಲ್ಲ, ತಲೆ ಅರ್ಧ ಬೆಳ್ಳಗಾಗಿದೆ. ದಕ್ಷಿಣದ ಯಾತ್ರಿಕರಿಗೆ ಶ್ರಾದ್ಧ ಮಾಡಿಸುವ ಅಜ್ಜನ ವೃತ್ತಿ ಈಗ ಅವನದು. ಬೆಳಗ್ಗೆ ಘಾಟಿನಲ್ಲಿ ಮಂತ್ರ, ಮಧ್ಯಾಹ್ನ ಮನೆಯಲ್ಲಿ ನರಿ.

ನರಿ ಅಂದರೆ ನಮ್ಮ ಬಾಲ್ಯದ ವಿಡಿಯೋ ಗೇಮಿನದು, ಕೊಡೆ ಹಿಡಿದು ಚಾವಣಿಯಿಂದ ಚಾವಣಿಗೆ ಹಾರುವಂಥದ್ದು. ಆ ಸರಣಿಗೆ ಇನ್ನೂ ಭಕ್ತರಿದ್ದಾರೆ. ಇಂಟರ್‌ನೆಟ್ಟಿನಲ್ಲಿ ಒಂದು ತಾಣ ಮಾಡಿಕೊಂಡು, ಯಾವ ಭಾಗ ಯಾವ ದೇಶದಲ್ಲಿ ಯಾವಾಗ ಬಿಡುಗಡೆಯಾಯಿತು, ಡಬ್ಬಿಯ ಮೇಲಿನ ಕೊಡೆ ಕೆಂಪೋ ನೀಲಿಯೋ, ಎರಡನೆಯ ಭಾಗದಲ್ಲಿ ಚಂದ್ರ ಯಾಕೆ ಎರಡು ಸಲ ಮೂಡುತ್ತಾನೆ, ಎಲ್ಲವನ್ನೂ ದಾಖಲಿಸುತ್ತಾರೆ. ಅದರ ಯಜಮಾನ ಪುಣೆಯ ಒಬ್ಬ ಹಲ್ಲಿನ ಡಾಕ್ಟರು. ಸಾಕ್ಷಿಯಿಲ್ಲದೆ ಒಂದಕ್ಷರವನ್ನೂ ಒಳಗೆ ಬಿಡದ ಮನುಷ್ಯ.

ಮೂರನೆಯ ಭಾಗದ ಪುಟದಲ್ಲಿ ‘ಭಾರತಕ್ಕೆ ಮೊದಲು ಬಂದದ್ದು’ ಎಂಬ ಸಾಲು ಖಾಲಿ ಉಳಿದಿತ್ತು. ಅಲ್ಲಿ ಕಾಶಿ ಎಂದು ಬರೆಸಬೇಕು ಎನ್ನುವುದು ತಮ್ಮನ ಹಟ. ಯಾಕೆಂದರೆ ಅದು ಬಂದದ್ದು ನಮ್ಮ ಮನೆಗೇ. ಕುಮಟಾ ಕಡೆಯ ಹಡಗಿನ ನೌಕರರೊಬ್ಬರು ತಂದೆಯ ಅಸ್ಥಿ ಬಿಡಲು ಬಂದವರು, ಜಪಾನಿನಲ್ಲಿ ಕೊಂಡ ಕ್ಯಾಸೆಟ್ಟನ್ನು ಆಗ ಹುಡುಗನಾಗಿದ್ದ ನನ್ನ ತಮ್ಮನ ಕೈಗಿಟ್ಟಿದ್ದರು. ಆದರೆ ಮುಂಬಯಿಯವನೊಬ್ಬ ತನ್ನದೇ ಮೊದಲೆಂದು ಅಂಗಡಿಯ ರಸೀದಿಯನ್ನೇ ಹಾಕಿದ್ದ. ಜಪಾನಿನಲ್ಲಿ ಬಿಡುಗಡೆಯಾಗಿ ಎರಡು ತಿಂಗಳಾದ ಮೇಲಿನದು. ಭಾನುವಾರದೊಳಗೆ ಅದಕ್ಕಿಂತ ಹಳೆಯ ಸಾಕ್ಷಿ ಬಾರದಿದ್ದರೆ ಸಾಲು ಅವನದು.

ಸಾಕ್ಷಿ ನಮ್ಮಲ್ಲಿತ್ತು. ನಮ್ಮ ಮನೆಗೆ ಬಂದ ಯಾತ್ರಿಕರು ಕೆಂಪು ಬಟ್ಟೆ ಹೊದಿಸಿದ ಉದ್ದನೆ ಬಹಿ ಪುಸ್ತಕದಲ್ಲಿ ತಮ್ಮ ಊರು, ಗೋತ್ರ, ಬಂದ ಸಂವತ್ಸರ, ತಿಥಿಯನ್ನು ಸ್ವಂತ ಕೈಯಿಂದ ಬರೆದು ಹೋಗುವುದು ರೂಢಿ. ತಿಥಿ ಹೇಳಿ ಬರೆಸುತ್ತಿದ್ದವರು ಅಜ್ಜ. ಹಡಗಿನವರು ಕೊನೆಗೆ, ‘ಮನೆಯ ಹುಡುಗನಿಗೆ ನರಿ ಆಟದ ಮೂರನೆಯ ಕ್ಯಾಸೆಟ್ಟು ಸಂತೋಷದಿಂದ ಕೊಟ್ಟಿದ್ದೇನೆ’ ಎಂದೂ ಸೇರಿಸಿದ್ದರು. ಆ ತಿಥಿಗೆ ಮೊಬೈಲಿನ ಪಂಚಾಂಗದಲ್ಲಿ ತಾರೀಕು ಹುಡುಕಿದವಳು ನಾನು. ಅದನ್ನು ಬಹಿಯ ಪುಟದ ಫೋಟೋ ಸಮೇತ ಡಾಕ್ಟರಿಗೆ ಕಳಿಸಿದವನು ತಮ್ಮ.

ಊಟದ ಮಧ್ಯೆ ಬಂದದ್ದು ಅದರ ಉತ್ತರ. ತಮ್ಮ ಓದಿದ: “‘ಪಂಡಿತ್‌ಜೀ, ಆಟ ಹುಟ್ಟೋಕೆ ಹನ್ನೆರಡು ದಿನ ಮುಂಚೆ ನಿಮ್ಮ ಮನೆಗೆ ಬಂದಿದೆ. ಕಾಶಿ ಮಹಿಮೆ ಗೊತ್ತು, ಆದ್ರೂ ಇಷ್ಟೊಂದಾ?’ ಅಂತ ಬರ್ದಿದಾರೆ. ಕೆಳಗೆ ಎಲ್ಲರೂ ನಗ್ತಿದಾರೆ ಅಕ್ಕ. ಸತ್ಯಾನಾಶ್.” ತಟ್ಟೆ ಸರಿಸಿದ. “ಅಜ್ಜನೇ ತಪ್ಪು ಬರೆಸಿದಾರೆ.”

ಅಜ್ಜಿಯ ಕೈ ನಿಂತಿತು. “ಏನಂದೆ? ಜನ್ಮ ಪೂರ್ತಿ ಸಂಕಲ್ಪ ಹೇಳಿದವರು ತಿಥಿ ತಪ್ಪಿದ್ರಾ? ಓದು, ಏನು ಬರೆದಿದೆ?”

“ಮಾಘ ಬಹುಳ ತ್ರಯೋದಶಿ.”

“ಶಿವರಾತ್ರಿ ಹಿಂದಿನ ದಿನ! ನನಗೆ ನೆನಪಿಲ್ವಾ? ಗೋದೌಲಿಯಾ ಚೌಕದಲ್ಲಿ ಜನಜಂಗುಳಿಗೆ ರಿಕ್ಷಾ ಬಿಡ್ತಿರಲಿಲ್ಲ. ಆ ಪುಣ್ಯಾತ್ಮ ಟ್ರಂಕು ತಲೆ ಮೇಲಿಟ್ಕೊಂಡು ನಡೆದು ಬಂದಿದ್ದ.”

“ಶಿವರಾತ್ರಿ ಫಾಲ್ಗುಣದಲ್ಲಲ್ವಾ ಅಜ್ಜಿ?” ಎಂದೆ.

“ಅದು ಇಲ್ಲಿಯವರಿಗೆ ಕಣೇ! ಹುಣ್ಣಿಮೆ ಮುಗೀತು ಅಂದ್ರೆ ಇವರಿಗೆ ಮುಂದಿನ ತಿಂಗಳು. ನಮಗೆ ಅಮಾವಾಸ್ಯೆ ಆಗ್ಬೇಕು. ಅದೇ ದಿನ, ಅವರಿಗೆ ಫಾಲ್ಗುಣ, ನಮಗೆ ಮಾಘ. ನೀನು ಯಾವ ಪಂಚಾಂಗ ನೋಡಿದೆ?”

ಇಲ್ಲಿಯದೇ ನೋಡಿದ್ದೆ. ಹುಟ್ಟಿ ಬೆಳೆದದ್ದು ಇಲ್ಲಿ, ಸ್ಕೂಲಿಗೆ ರಜೆ ಬರುತ್ತಿದ್ದದ್ದು ಇಲ್ಲಿಯ ತಿಂಗಳಿನಂತೆ. ಇಲ್ಲಿಯ ಮಾಘದ ಬಹುಳ ತ್ರಯೋದಶಿ ಪೂರ್ತಿ ಒಂದು ತಿಂಗಳು ಮೊದಲೇ ಬಂದುಬಿಡುತ್ತದೆ.

“ಎಂ.ಎ. ಓದಿದಾಳೆ, ಪುರೋಹಿತರ ಮನೆ ಮಗಳು ಬೇರೆ,” ಎಂದ ತಮ್ಮ.

“ನೀನು ಪುರೋಹಿತನೇ ಅಲ್ವೇನೋ! ಕಳಿಸೋ ಮುಂಚೆ ನೋಡೋಕೆ ಏನಾಗಿತ್ತು?” ಎಂದೆ. ಅವನು ತಟ್ಟೆಯನ್ನು ಮತ್ತೆ ಎಳೆದುಕೊಂಡ.

ನಮ್ಮ ಪಂಚಾಂಗದಂತೆ ಲೆಕ್ಕ ಹಾಕಿದಾಗ ಆಟ ಹುಟ್ಟಿದ ಹದಿನೇಳನೆಯ ದಿನಕ್ಕೆ ಸರಿಯಾಗಿ ಬಂತು. ಎರಡೂ ಪಂಚಾಂಗದ ಹಾಳೆಗಳ ಫೋಟೋ ತೆಗೆದು, ನನ್ನ ತಪ್ಪನ್ನೂ ಒಪ್ಪಿಕೊಂಡು ಕಳಿಸಿದೆವು. ಶನಿವಾರವಿಡೀ ಉತ್ತರವಿಲ್ಲ. ನನ್ನ ತಮ್ಮ ಸಂಕಲ್ಪದ ಮಧ್ಯೆಯೂ ಮೊಬೈಲಿನಲ್ಲಿ ಇಣುಕುತ್ತಿದ್ದ ಎಂದು ಘಾಟಿನವರು ದೂರು ತಂದರು. ಭಾನುವಾರ ಬೆಳಗ್ಗೆ ನೋಡಿದರೆ ಸಾಲು ತುಂಬಿತ್ತು. ಕಾಶಿ, ಅದರ ಪಕ್ಕದಲ್ಲಿ ತಾರೀಕು, ಕೆಳಗೆ ಸಣ್ಣಕ್ಷರದಲ್ಲಿ ಟಿಪ್ಪಣಿ: ‘ಆಧಾರ, ಯಾತ್ರಿಕರ ಬಹಿ, ತಿಂಗಳ ಗೊಂದಲ ಬಿಡಿಸಿದವರು ಮನೆಯ ಅಜ್ಜಿ.’ ಮುಂಬಯಿಯವನೇ ಮೊದಲು ಶಹಬ್ಬಾಸ್ ಹೇಳಿದ್ದ.

ಅಜ್ಜಿಗೆ ಓದಿ ಹೇಳಿದೆವು. “ನಿಮ್ಮಜ್ಜನ ಹೆಸರು ಹಾಕೋದು ಬಿಟ್ಟು ನನ್ನದ್ಯಾಕೆ ಹಾಕಿದ್ರು?” ಎಂದು ಗೊಣಗಿದರು. ಸಂಜೆ ಪಕ್ಕದ ಮನೆಯವರನ್ನು ಕರೆದು ಅದನ್ನೇ ಮತ್ತೆ ಓದಿಸಿದರು.

ಮುಂದಿನ ಚಳಿಗಾಲದಲ್ಲಿ ಹಲ್ಲಿನ ಡಾಕ್ಟರು ತಾಯಿಯನ್ನು ಕರೆದುಕೊಂಡು ಕಾಶಿಗೆ ಬಂದರು. ಕ್ಯಾಸೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಹೊರಡುವಾಗ ಅಜ್ಜಿ ಬಹಿ ತೆಗೆಸಿ ಮುಂದಿಟ್ಟರು. ಡಾಕ್ಟರು ಹೆಸರು, ಊರು ಬರೆದು ಪೆನ್ನು ಹಿಡಿದು ಕಾದರು. ನನ್ನ ತಮ್ಮ ಎರಡೂ ಪಂಚಾಂಗ ನೋಡಿ ತಿಥಿ ಹೇಳಿದ.